ವೇಷಕ್ಕೆ ಬಂದ ತಾತ್ಸಾರ, ಹುಟ್ಟಿಗೆ ಅಂಟಿದ ತಾತ್ಸಾರ: ಪತ್ತಿಕೊಂಡ ಸೀಮೆಯಿಂದ ಒಂದು ವಿಚಾರ

ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ ಎರ್ರಗುಡಿ ಎಂಬ ಹಳ್ಳಿಯಿದೆ. ಅದರ ಸಮೀಪದ ಗುಡ್ಡದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಪಕ್ಕದ ಜೊನ್ನಗಿರಿಯ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ವಜ್ರದ ಹರಳು ಹುಡುಕಲು ಜನ ಬಂದು ಸೇರುತ್ತಾರೆ. ಶಾಸನದ ಬಂಡೆಗಳತ್ತ ಹೋಗುವವರು ಕಡಮೆ. 1920ರ ದಶಕದ ಕೊನೆಯಲ್ಲಿ ಅನು ಘೋಷ್ ಎಂಬ ಭೂಗರ್ಭಶಾಸ್ತ್ರಜ್ಞರು ಇವನ್ನು ವಿದ್ವಾಂಸರ ಗಮನಕ್ಕೆ ತಂದರು. ಅಶೋಕನ ಹದಿನಾಲ್ಕು ದೊಡ್ಡ ಶಾಸನಗಳೂ ಕಿರು ಶಾಸನಗಳೂ ಇಲ್ಲಿ ಒಟ್ಟಿಗೆ ಸಿಗುತ್ತವೆ. ಪತ್ತಿಕೊಂಡಕ್ಕೆ ಇನ್ನೂ ಹತ್ತಿರದ ರಾಜುಲ ಮಂಡಗಿರಿಯಲ್ಲಿ ಮತ್ತೊಂದು ಕಿರು ಶಾಸನವಿದೆ.

ಈ ಹದಿನಾಲ್ಕರಲ್ಲಿ ಹನ್ನೆರಡನೆಯದು ನಮ್ಮ ಪಠ್ಯಪುಸ್ತಕಗಳಿಗೆಲ್ಲ ಪ್ರಿಯವಾದುದು. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರ ಪಂಥವನ್ನು ಹೀಗಳೆಯಬಾರದು, ಹಾಗೆ ಮಾಡುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಮಾತಿನಲ್ಲಿ ಸಂಯಮ ಬೇಕು ಎಂಬುದು ಅದರ ಸಾರ. ಪಂಥ ಎಂಬರ್ಥದಲ್ಲಿ ಅಲ್ಲಿ ಬಳಸಿದ ಪದ 'ಪಾಸಂಡ'. ಸಂಸಾರ ಬಿಟ್ಟು ಒಂದು ಬಗೆಯ ಬಟ್ಟೆ, ಒಂದು ಬಗೆಯ ಆಹಾರ, ಒಂದು ಬಗೆಯ ನಡೆ ಆರಿಸಿಕೊಂಡವರ ಕೂಟಕ್ಕೆ ಅಂದು ಅದು ಗೌರವದ ಹೆಸರು. ಅದೇ ಪದ ಮುಂದೆ 'ಪಾಷಂಡಿ', 'ಪಾಖಂಡಿ' ಎಂದಾಗಿ ನಮ್ಮ ಭಾಷೆಗಳಲ್ಲಿ ಬೈಗುಳಾಯಿತು. ಬಯ್ಯಬೇಡಿ ಎಂದು ಹೇಳಲು ಬಳಸಿದ ಮಾತೇ ಬಯ್ಯುವ ಮಾತಾಯಿತು.

ಹದಿಮೂರನೆಯದು ಕಳಿಂಗ ಯುದ್ಧದ ಪಶ್ಚಾತ್ತಾಪದ ಶಾಸನ. ಅದರ ನಡುವೆ ಒಂದು ಮಾತನ್ನು ನಾವು ಸಾಮಾನ್ಯವಾಗಿ ದಾಟಿಹೋಗುತ್ತೇವೆ. ತನ್ನ ರಾಜ್ಯದ ಅಡವಿಯ ಜನರನ್ನು ಒಲಿಸಿಕೊಳ್ಳಲು ಬಯಸುತ್ತೇನೆ ಎನ್ನುವ ಅರಸನು, ಪಶ್ಚಾತ್ತಾಪಪಟ್ಟಿದ್ದರೂ ತನಗೆ ದಂಡಿಸುವ ಬಲವಿದೆಯೆಂದು ಅವರಿಗೆ ನೆನಪಿಸುತ್ತಾನೆ. ಅವರು ತಮ್ಮ ನಡತೆಗೆ ನಾಚಿ ತಿದ್ದಿಕೊಂಡರೆ ಕೊಲೆಗೆ ಗುರಿಯಾಗುವುದಿಲ್ಲ ಎನ್ನುತ್ತಾನೆ. ಒಂದೇ ಸ್ಥಳದ ಬಂಡೆಗಳ ಮೇಲೆ, ಒಬ್ಬನೇ ಅರಸನ ಹೆಸರಿನಲ್ಲಿ, ಪಂಥ ಆರಿಸಿಕೊಂಡವರಿಗೆ ಒಂದು ನುಡಿ, ಅಡವಿಯಲ್ಲಿ ಹುಟ್ಟಿದವರಿಗೆ ಇನ್ನೊಂದು ನುಡಿ. ಈ ಲೇಖನದ ಪ್ರಶ್ನೆ ಈ ಎರಡು ನುಡಿಗಳ ನಡುವಿನ ಅಂತರವನ್ನು ಕುರಿತದ್ದು.

ಈಚಿನ ವರ್ಷಗಳಲ್ಲಿ ಒಂದು ವಾದ ಪದೇ ಪದೇ ಕೇಳಿಬರುತ್ತಿದೆ. ಉದ್ದ ಕೂದಲು ಬಿಟ್ಟವರು, ಮೈಮೇಲೆ ಹಚ್ಚೆ ಹಾಕಿಸಿಕೊಂಡವರು, ವಿಚಿತ್ರ ಉಡುಪಿನವರು, ಒಂದು ಬಗೆಯ ಸಂಗೀತಕ್ಕೆ ಮರುಳಾದವರು - ಒಟ್ಟಿನಲ್ಲಿ ಒಂದು ಉಪಸಂಸ್ಕೃತಿಗೆ ಸೇರಿದವರು - ಅನುಭವಿಸುವ ತಾತ್ಸಾರವೂ, ಜಾತಿ, ಧರ್ಮ, ಜನಾಂಗಗಳ ಕಾರಣಕ್ಕೆ ಅಲ್ಪಸಂಖ್ಯಾತರು ಅನುಭವಿಸುವ ತಾರತಮ್ಯವೂ ಒಂದೇ ಎಂಬುದು ಆ ವಾದ. ಇದಕ್ಕೆ ಎದುರಾಗಿ, ಮೊದಲಿನದು ಬರಿಯ ಕೀಟಲೆ, ಅದಕ್ಕೆ ಬೆಲೆಯೇ ಇಲ್ಲ ಎನ್ನುವವರೂ ಇದ್ದಾರೆ. ಎರಡು ಮಾತೂ ಪೂರ್ತಿ ಸರಿಯಲ್ಲ ಎಂಬುದಕ್ಕೆ ಪತ್ತಿಕೊಂಡ, ಆದವಾನಿ, ಆಲೂರುಗಳ ಚರಿತ್ರೆಯೇ ಸಾಕ್ಷಿ ನುಡಿಯುತ್ತದೆ.

ಈ ಸೀಮೆ ಹಲವು ಕೈ ಬದಲಿಸಿದ್ದು. ವಿಜಯನಗರದ ಕೋಟೆಯಾಗಿದ್ದ ಆದವಾನಿ ಬಿಜಾಪುರದವರಿಗೆ, ಅವರಿಂದ ಮೊಗಲರಿಗೆ, ಬಳಿಕ ನಿಜಾಮನ ಮನೆತನಕ್ಕೆ ಹೋಯಿತು. 1786ರಲ್ಲಿ ಟಿಪ್ಪು ಅದನ್ನು ಹಿಡಿದನು. 1800ರಲ್ಲಿ ನಿಜಾಮನು ಕಂಪೆನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಇದೂ ಸೇರಿತು. ಅದರ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ ಮುಂದೆ ಮದ್ರಾಸಿನ ಗವರ್ನರ್ ಆಗಿ, ಹಳೆಯ ಜಿಲ್ಲೆಗಳನ್ನು ನೋಡಲು ಬಂದಾಗ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿಯೇ ಕಾಲರಾದಿಂದ ತೀರಿಕೊಂಡನು. ಪತ್ತಿಕೊಂಡವು ಬಳ್ಳಾರಿ ಜಿಲ್ಲೆಯಿಂದ ಕರ್ನೂಲಿಗೆ ಸೇರಿದ್ದು 1858ರಲ್ಲಿ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳುವ ನೆಲ ಇದು.

ಹದಿನೆಂಟನೆಯ ಶತಮಾನದಲ್ಲಿ ಈ ನೆಲದಲ್ಲಿ ಹರಿದಾಸರು ಓಡಾಡಿದರು. ಮಾನ್ವಿ ಕಡೆಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ತಮ್ಮ ಕೊನೆಯ ದಿನಗಳನ್ನು ಕಳೆದು 1755ರಲ್ಲಿ ದೇಹವಿಟ್ಟದ್ದು ಆಲೂರು ಸೀಮೆಯ ಚಿಪ್ಪಗಿರಿಯಲ್ಲಿ. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಹೆಗಲಲ್ಲಿ ಗೋಪಾಳ ಬುಟ್ಟಿ, ಬಾಯಲ್ಲಿ ಕನ್ನಡದ ಪದ - ಇದು ದಾಸರ ಬಾಳು. ಸಂಸ್ಕೃತದಲ್ಲಿ ಶಾಸ್ತ್ರ ಓದಿದ ಪಂಡಿತರಿಗೆ ಇದು ಹಗುರವಾಗಿ ಕಂಡಿತು. ದೇವರ ತತ್ತ್ವವನ್ನು ಹೆಂಗಸರಿಗೂ ಒಕ್ಕಲಿಗರಿಗೂ ತಿಳಿಯುವ ನುಡಿಯಲ್ಲಿ ಬೀದಿಯಲ್ಲಿ ಹಾಡುವುದೇ ಎಂಬುದು ಅವರ ಹುಬ್ಬುಗಂಟಿನ ಕಾರಣ.

ದಾಸ ಸಂಪ್ರದಾಯದಲ್ಲಿ ಪ್ರಸಿದ್ಧವಾದ ಕಥೆಯೊಂದಿದೆ. ಮಾನ್ವಿಯ ಶ್ರೀನಿವಾಸಾಚಾರ್ಯರೆಂಬ ವಿದ್ವಾಂಸರನ್ನು ವಿಜಯದಾಸರು ಊಟಕ್ಕೆ ಕರೆದರು. ದಾಸರ ಪಂಕ್ತಿಯಲ್ಲಿ ಕೂರಲು ಮನಸ್ಸಾಗದೆ ಆಚಾರ್ಯರು ಹೊಟ್ಟೆನೋವೆಂದು ನೆಪ ಹೇಳಿದರು. ಆ ನೆಪವೇ ನಿಜವಾಗಿ ಹೊಟ್ಟೆನೋವು ಹತ್ತಿತು. ಮಂತ್ರಾಲಯದಲ್ಲಿ ಸೇವೆ ಮಾಡಿದರೂ ಕಡಮೆಯಾಗಲಿಲ್ಲ. ಕೊನೆಗೆ ವಿಜಯದಾಸರ ಬಳಿಗೇ ಹೋಗಬೇಕಾಯಿತು. ಅವರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ನೋವು ನೀಗಿದ ಆಚಾರ್ಯರು ತಾವೇ ಗೆಜ್ಜೆ ಕಟ್ಟಿ ಜಗನ್ನಾಥದಾಸರಾದರು, ಕನ್ನಡದಲ್ಲಿ 'ಹರಿಕಥಾಮೃತಸಾರ'ವನ್ನು ಬರೆದರು.

ಕಥೆಯ ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಚರಿತ್ರೆಯ ವಿದ್ಯಾರ್ಥಿಗೆ ಮುಖ್ಯವಾದದ್ದು ಬೇರೆ. ಇಲ್ಲಿ ತಾತ್ಸಾರ ನಿಜ, ಅವಮಾನವೂ ನಿಜ. ಕರೆದ ಊಟಕ್ಕೆ ಬರದಿರುವುದು ನಮ್ಮ ನಾಡಿನಲ್ಲಿ ಸಣ್ಣ ಮಾತಲ್ಲ. ಆದರೆ ಹೀಗಳೆದವರೂ ಹೀಗಳೆಸಿಕೊಂಡವರೂ ಒಂದೇ ಮಾಧ್ವ ಬ್ರಾಹ್ಮಣ ಸಮುದಾಯದವರು. ಗೆಜ್ಜೆ ಬಿಚ್ಚಿಟ್ಟರೆ ದಾಸರಿಗೆ ಮಠದ ಪಂಕ್ತಿಯಲ್ಲಿ ಎಲೆ ಸಿಗುತ್ತಿತ್ತು. ಗೆಜ್ಜೆ ಕಟ್ಟಿದರೆ ಪಂಡಿತರೂ ದಾಸರಾಗಬಹುದಿತ್ತು. ನಡುವೆ ಇದ್ದದ್ದು ಹೊಸಿಲು. ಅದನ್ನು ಎರಡೂ ಕಡೆಯಿಂದ ದಾಟಬಹುದಿತ್ತು.

ಇದೇ ದಾಸಕೂಟದಲ್ಲಿ ಎರಡು ಶತಮಾನ ಹಿಂದೆ ಕನಕದಾಸರಿದ್ದರು. ಅವರಿಗೂ ಇದೇ ತಂಬೂರಿ, ಇದೇ ಕನ್ನಡ. ವ್ಯಾಸರಾಯರು ಅವರನ್ನು ಆದರಿಸಿದರೂ ಉಳಿದ ಶಿಷ್ಯರು ಹೀಗಳೆದರೆಂದು ಸಂಪ್ರದಾಯವೇ ಹೇಳುತ್ತದೆ. ಉಡುಪಿಯ ಕನಕನ ಕಿಂಡಿಯ ಕಥೆ ಕಾಸರಗೋಡಿನ ಓದುಗರಿಗೆ ಹೊಸದಲ್ಲ. ಕನಕರು ತಂಬೂರಿ ಕೆಳಗಿಟ್ಟಿದ್ದರೆ ಒಳಗೆ ಬಿಡುತ್ತಿದ್ದರೇ? ಇಲ್ಲ. ಅವರನ್ನು ತಡೆದದ್ದು ವೇಷವಲ್ಲ, ಕುರುಬ ಕುಲದಲ್ಲಿ ಹುಟ್ಟಿದ್ದು. ವಿಜಯದಾಸರು ಕಂಡ ತಾತ್ಸಾರವೂ ಕನಕರು ಕಂಡ ತಾತ್ಸಾರವೂ ಹೊರನೋಟಕ್ಕೆ ಒಂದೇ ಬಗೆಯ ಮೂಗುಮುರಿತ. ಒಬ್ಬರಿಗೆ ಅದು ತಾವು ಹಿಡಿದ ದಾರಿಯಿಂದ ಬಂತು. ಇನ್ನೊಬ್ಬರಿಗೆ ಅವರು ದಾರಿ ಹಿಡಿಯುವ ಮೊದಲೇ ಬಂದು ಕಾದಿತ್ತು.

ಈಗ ಮೂರನೆಯ ದಾಸರ ಮಾತು. ತೆಲುಗು ಸೀಮೆಯಲ್ಲಿಯೂ ಬಳ್ಳಾರಿ ಕಡೆಯಲ್ಲಿಯೂ ದಾಸರಿಗಳೆಂಬವರಿದ್ದಾರೆ. ನಾಮ, ಶಂಖ, ಜಾಗಟೆಗಳೊಡನೆ ಭಿಕ್ಷೆಗೆ ಹೋಗುವ ಈ ವೃತ್ತಿ ಮೊದಲಿಗೆ ಹರಕೆಯಿಂದಲೋ ದೀಕ್ಷೆಯಿಂದಲೋ ಬಂದದ್ದು. ಕಾಲಕ್ರಮದಲ್ಲಿ ಹಲವೆಡೆ ಅದೇ ಜಾತಿಯಾಯಿತು. ಇದು ನಮ್ಮ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಒಂದು ತಲೆಮಾರು ಆರಿಸಿಕೊಂಡ ದಾರಿ ನಾಲ್ಕನೆಯ ತಲೆಮಾರಿಗೆ ಹುಟ್ಟಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಲಿಂಗ ಕಟ್ಟಿಕೊಂಡವರು ಜಾತಿಯನ್ನು ಬಿಟ್ಟು ಬಂದವರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಅದು ಜಾತಿಯಾಗಿಯೇ ಸಿಕ್ಕಿತು. ಉಪಸಂಸ್ಕೃತಿ, ಅಲ್ಪಸಂಖ್ಯಾತ ಸಮುದಾಯ ಎಂದು ನಾವು ಎರಡು ಪೆಟ್ಟಿಗೆಗಳನ್ನು ಮಾಡಿದರೂ, ಒಂದರಿಂದ ಇನ್ನೊಂದಕ್ಕೆ ಕಾಲವೇ ದಾಟಿಸಿಬಿಡುತ್ತದೆ.

ದಾಸರಿಗಳಲ್ಲಿ ಒಂದು ಗುಂಪಿಗೆ 'ದೊಂಗ ದಾಸರಿ' ಎಂಬ ಹೆಸರು ಬಿತ್ತು. ತೆಲುಗಿನಲ್ಲಿ ದೊಂಗ ಎಂದರೆ ಕಳ್ಳ. ಊರವರ ಬೈಗುಳವಾಗಿದ್ದ ಈ ಮಾತು ಸರಕಾರದ ದಾಖಲೆಯಲ್ಲಿ ಕುಲನಾಮವಾಗಿ ನಿಂತಿತು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ಏಳು ಸಂಪುಟಗಳ ಜಾತಿಕೋಶದಲ್ಲಿ ಅದು ಅಕಾರಾದಿಯಲ್ಲಿ ಬರುವ ಒಂದು ಶೀರ್ಷಿಕೆ. ಪಾಸಂಡವೆಂಬ ಗೌರವದ ಮಾತು ಬೈಗುಳಾಯಿತೆಂದು ಮೇಲೆ ಹೇಳಿದೆ. ಇಲ್ಲಿ ಬೈಗುಳೇ ಸರಕಾರಿ ಹೆಸರಾಯಿತು. ಎರಡನೆಯದರ ಪೆಟ್ಟು ಹೆಚ್ಚು. ಬೀದಿಯ ಬೈಗುಳನ್ನು ಕೇಳದವನಂತೆ ಮುಂದೆ ಹೋಗಬಹುದು. ರಿಜಿಸ್ಟರಿನಲ್ಲಿ ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತಲೇಬೇಕು.

ಆ ರಿಜಿಸ್ಟರು ಬಂದದ್ದು ಅಪರಾಧಿ ಬುಡಕಟ್ಟುಗಳ ಕಾಯಿದೆಯಿಂದ. 1871ರಲ್ಲಿ ಉತ್ತರ ಭಾರತಕ್ಕಾಗಿ ಮಾಡಿದ ಈ ಕಾಯಿದೆಯನ್ನು 1911ರಲ್ಲಿ ಮದ್ರಾಸು ಪ್ರಾಂತ್ಯಕ್ಕೂ ಹಬ್ಬಿಸಿದರು. 1924ರಲ್ಲಿ ಮತ್ತೆ ಕ್ರೋಡೀಕರಿಸಿದರು. ಒಂದು ಗುಂಪನ್ನು ಅಪರಾಧಿ ಬುಡಕಟ್ಟೆಂದು ಸಾರಿದ ಮೇಲೆ ಅದರಲ್ಲಿ ಹುಟ್ಟಿದವರ ಹೆಸರು ಬರೆಯಬಹುದು, ಬೆರಳಚ್ಚು ತೆಗೆಯಬಹುದು, ಗೊತ್ತಾದ ಹೊತ್ತಿಗೆ ಹಾಜರಿ ಕೇಳಬಹುದು, ರಹದಾರಿ ಇಲ್ಲದೆ ಊರು ದಾಟಿದರೆ ಶಿಕ್ಷಿಸಬಹುದು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಶಾಲೆಗಳಲ್ಲಿರಿಸುವ ಅಧಿಕಾರವೂ ಇತ್ತು. ಒಬ್ಬ ವ್ಯಕ್ತಿ ಏನು ಮಾಡಿದ ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಯಾರ ಮಗ ಎಂಬುದಷ್ಟೇ ಸಾಕಾಗಿತ್ತು. ಗುಂಟೂರು ಕಡೆಯ ಸ್ಟುವರ್ಟುಪುರದಂತಹ ವಸಾಹತುಗಳಲ್ಲಿ ಸಾಲ್ವೇಶನ್ ಆರ್ಮಿಯವರ ಮೇಲ್ವಿಚಾರಣೆಯಲ್ಲಿ ಯರುಕಲರನ್ನು ನೆಲೆಗೊಳಿಸಿದರು. ಆ ಊರಿನ ಹೆಸರು ಸಿನೆಮಾಗಳಲ್ಲಿ ಇಂದಿಗೂ ಕಳ್ಳರ ಊರೆಂದೇ ಕೇಳುತ್ತದೆ.

ಯರುಕಲರು, ಅಂದರೆ ನಮ್ಮ ಕಡೆಯ ಕೊರಚರು, ಕಳ್ಳರೆನಿಸಿಕೊಳ್ಳುವ ಮೊದಲು ಹೇರೆತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಕಾಳನ್ನು ಕರಾವಳಿಗೆ ಸಾಗಿಸುತ್ತಿದ್ದವರು. 1871ರಲ್ಲಿಯೇ ಮದ್ರಾಸಿನಿಂದ ಬಂದ ರೈಲುದಾರಿ ಆದವಾನಿಯನ್ನು ಹಾದು ರಾಯಚೂರಿನಲ್ಲಿ ಮುಂಬಯಿಯ ದಾರಿಯನ್ನು ಕೂಡಿತು. ಉಪ್ಪು ಗೂಡ್ಸು ಗಾಡಿಯಲ್ಲಿ ಬರತೊಡಗಿತು. ಸರಕಾರದ ಉಪ್ಪಿನ ನೀತಿಯೂ ಸಣ್ಣ ವ್ಯಾಪಾರಿಯ ಕೈ ಕಟ್ಟಿತು. ಎತ್ತಿನ ಹಿಂಡು ಕರಗಿದ ಮೇಲೂ ಅಲೆಯುತ್ತಿದ್ದವರನ್ನು ಕಂಡ ಪೋಲೀಸರಿಗೆ ಅಲೆಯುವುದೇ ಅಪರಾಧವಾಗಿ ಕಂಡಿತು. ಕಾಯಿದೆ 1952ರ ಆಗಸ್ಟ್ 31ರಂದು ರದ್ದಾಯಿತು. ಆ ಜನ ಅಂದಿನಿಂದ 'ವಿಮುಕ್ತ'ರೆನಿಸಿಕೊಂಡರೂ ರೂಢಿಗತ ಅಪರಾಧಿಗಳ ಕಾನೂನುಗಳು ಉಳಿದವು, ಊರಲ್ಲಿ ಕಳವಾದಾಗ ಮೊದಲು ಅವರ ಗುಡಿಸಲಿಗೆ ಹೋಗುವ ಅಭ್ಯಾಸವೂ ಉಳಿಯಿತು. ಚಿಪ್ಪಗಿರಿಯ ದಾಸರಿಗೂ ದೊಂಗ ದಾಸರಿಗೂ ಹಣೆಯಲ್ಲಿ ನಾಮವುಂಟು. ಒಬ್ಬರಿಗೆ ಆರಾಧನೆ ನಡೆಯುತ್ತದೆ, ಇನ್ನೊಬ್ಬರಿಗೆ ಹಾಜರಿ ನಡೆಯಿತು.

ಉಡುಪಿನ ವಿಷಯವೆಂದ ಮಾತ್ರಕ್ಕೆ ಅದು ಆಯ್ಕೆಯ ವಿಷಯವೇ ಆಗಿರಬೇಕಿಲ್ಲ ಎಂಬುದನ್ನು ಮಲಯಾಳಿ ಓದುಗರು ನಮಗಿಂತ ಚೆನ್ನಾಗಿ ಬಲ್ಲರು. ತಿರುವಾಂಕೂರಿನಲ್ಲಿ ಚಾನ್ನಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿದ ಮೇಲೆ 1859ರಲ್ಲಿ ಅರಸರ ಘೋಷಣೆ ಬಂತು. 1893ರಲ್ಲಿ ಅಯ್ಯಂಕಾಳಿಯವರು ತಲೆಗೆ ರುಮಾಲು ಸುತ್ತಿ ವಿಲ್ಲುವಂಡಿಯಲ್ಲಿ ರಾಜಬೀದಿಯಲ್ಲಿ ಹೋದದ್ದು ಶೋಕಿಗಾಗಿ ಅಲ್ಲ. ಇಂಥ ಕಡೆ ಬಟ್ಟೆಯ ಮೇಲೆ ಬಿದ್ದ ಏಟು ಹುಟ್ಟಿನ ಮೇಲೆ ಬಿದ್ದ ಏಟೇ.

ಇನ್ನು ತುಳುನಾಡಿನ ಒಂದು ನಿದರ್ಶನ. ಅಷ್ಟಮಿಯ ಕಾಲದಲ್ಲಿ ಮೈಗೆ ಕಪ್ಪು ಬಳಿದುಕೊಂಡು 'ಕೊರಗ ವೇಷ' ಹಾಕುವ ರೂಢಿಯಿತ್ತು. ನೋಡುವವರಿಗೆ ನಗು, ಹಾಕಿದವನಿಗೆ ನಾಲ್ಕು ಕಾಸು. ಸಂಜೆ ಮಿಂದರೆ ಅವನ ಕಪ್ಪು ಹೋಯಿತು. ನಿಜವಾದ ಕೊರಗನು ಅದೇ ಕಾಲದಲ್ಲಿ ಅಜಲು ಚಾಕರಿಗೆ ಕಟ್ಟುಬಿದ್ದಿದ್ದನು: ಡೋಲು ಬಡಿಯಬೇಕು, ಬೇರೆಯವರ ಅನಿಷ್ಟ ಕಳೆಯಲೆಂದು ಕೂದಲು ಉಗುರು ಬೆರೆಸಿದ ಅನ್ನವನ್ನು ಉಣ್ಣಬೇಕು. ಕರ್ನಾಟಕವು 2000ದಲ್ಲಿ ಕಾನೂನು ಮಾಡಿ ಅಜಲನ್ನು ನಿಷೇಧಿಸಿತು. ವೇಷ ಹಾಕುವವನಿಗೂ ವೇಷವೇ ತಾನಾದವನಿಗೂ ಇರುವ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಹುಟ್ಟಿಗೆ ಅಂಟಿದ ಹೆಸರು ರಾಜ್ಯದ ಗಡಿಯೊಡನೆ ಬೆಲೆ ಬದಲಿಸುವುದೂ ಉಂಟು. ಪತ್ತಿಕೊಂಡ, ಆದವಾನಿಗಳಲ್ಲಿ ಬೋಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಬಳ್ಳಾರಿ, ರಾಯಚೂರುಗಳ ಬೇಡ, ನಾಯಕ, ವಾಲ್ಮೀಕಿಗಳೊಡನೆ ಅವರಿಗೆ ಕೊಡುಕೊಳ್ಳುವ ನಂಟಿದೆ. 1991ರಿಂದ ಕರ್ನಾಟಕದಲ್ಲಿ ಇವರು ಪರಿಶಿಷ್ಟ ಪಂಗಡ. ಗಡಿ ದಾಟಿದರೆ ಕರ್ನೂಲಿನ ಬೋಯರು ಹಿಂದುಳಿದ ವರ್ಗದ ಪಟ್ಟಿಯಲ್ಲಿದ್ದವರು. ಅವರನ್ನು ಪಂಗಡಕ್ಕೆ ಸೇರಿಸಬೇಕೆಂದು ಆಂಧ್ರ ವಿಧಾನಸಭೆ 2023ರಲ್ಲಿ ನಿರ್ಣಯ ಮಾಡಿತು. ಅಕ್ಕನ ಮಗನಿಗೆ ಒಂದು ಪಟ್ಟಿ, ತಂಗಿಯ ಮಗನಿಗೆ ಇನ್ನೊಂದು. ಉದ್ದ ಕೂದಲಿನವನ ಬಗ್ಗೆ ಯಾವ ಸರಕಾರವೂ ಇಂಥ ಪಟ್ಟಿ ಇಡುವುದಿಲ್ಲ.

ಭಾಷೆಯನ್ನು ಈ ಎರಡರಲ್ಲಿ ಎಲ್ಲಿ ಇಡಬೇಕು? ಇದು ಈ ಪುಸ್ತಕದ ಓದುಗರೆಲ್ಲರ ಪ್ರಶ್ನೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ನ್ಯಾಯಮೂರ್ತಿ ಮಿಶ್ರಾ ಅವರ ವರದಿಯ ಮೇಲೆ ಬಳ್ಳಾರಿ ಮೈಸೂರಿಗೆ ಉಳಿಯಿತು. ಮೂರು ವರ್ಷದ ಬಳಿಕ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿತು. ಕಾಸರಗೋಡಿಗಾದರೂ 1967ರ ಮಹಾಜನ ವರದಿಯಲ್ಲಿ ಒಂದು ಅಧ್ಯಾಯವಿತ್ತು. ಆದವಾನಿಯ ಕನ್ನಡಿಗರಿಗೆ ಅದೂ ಇರಲಿಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿ 1956ರಲ್ಲಿ ಬಂತು. ವಿಧಿ ಪುಸ್ತಕದಲ್ಲಿದ್ದರೆ ಸಾಲದು, ಶಾಲೆಗೆ ಕನ್ನಡ ಬಲ್ಲ ಮೇಷ್ಟರು ಬರಬೇಕು ಎಂಬುದನ್ನು ಎರಡೂ ಗಡಿಯವರು ಅನುಭವದಿಂದ ಕಲಿತಿದ್ದಾರೆ.

ಆದವಾನಿಯ ಕನ್ನಡಿಗನು ಎರಡು ಬಗೆಯ ತಾತ್ಸಾರವನ್ನೂ ಕಾಣುತ್ತಾನೆ. ಬೆಂಗಳೂರಿಗೆ ಹೋದರೆ ಅವನ ತೆಲುಗು ಬೆರೆತ ಕನ್ನಡಕ್ಕೆ ನಗುತ್ತಾರೆ. ಇದು ವೇಷಕ್ಕೆ ಬರುವ ನಗುವಿನಂಥದು. ಆರು ತಿಂಗಳಲ್ಲಿ ಮಾತು ತಿದ್ದಿಕೊಂಡು ಅದರಿಂದ ಪಾರಾಗಬಹುದು, ಅಥವಾ ಹಠದಿಂದ ಉಳಿಸಿಕೊಳ್ಳಬಹುದು. ಊರಲ್ಲಿಯೇ ಉಳಿದರೆ ಅರ್ಜಿ, ನೋಟೀಸು, ಪಹಣಿ, ನೇಮಕಾತಿಯ ಪರೀಕ್ಷೆ ಇವೆಲ್ಲ ಇನ್ನೊಂದು ಭಾಷೆಯಲ್ಲಿವೆ. ಇದು ನಗುವಲ್ಲ, ಯಾರ ದ್ವೇಷವೂ ಅಲ್ಲ. ಆದರೂ ಮಗನ ಕೆಲಸವನ್ನೂ ಮೊಮ್ಮಗಳ ಓದನ್ನೂ ಮುಟ್ಟುತ್ತದೆ. ನಗುವಿನ ನೆನಪು ಹೆಚ್ಚು ದಿನ ಉಳಿಯುತ್ತದೆ, ನೋಟೀಸಿನ ನಷ್ಟ ಹೆಚ್ಚು ತಲೆಮಾರು ಉಳಿಯುತ್ತದೆ. ಇವೆರಡನ್ನೂ 'ಕನ್ನಡಕ್ಕೆ ಅವಮಾನ' ಎಂಬ ಒಂದೇ ಮಾತಿನಲ್ಲಿ ಕಟ್ಟಿಬಿಡುವುದರಿಂದ ನಮ್ಮ ಗಡಿನಾಡ ಹೋರಾಟಗಳು ಕೆಲವೊಮ್ಮೆ ನಗುವಿನ ಹಿಂದೆ ಓಡಿ ಮೇಷ್ಟರನ್ನು ಮರೆತಿವೆ.

ಹಾಗಾದರೆ ವೇಷಕ್ಕೆ ಬರುವ ತಾತ್ಸಾರವನ್ನು ಕಡೆಗಣಿಸಬಹುದೇ? ಕೂಡದು. 2007ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಲಾಂಕಶೈರಿನ ಬೇಕಪ್ ಎಂಬ ಊರಿನ ಉದ್ಯಾನದಲ್ಲಿ ಸೋಫಿ ಲಾಂಕಾಸ್ಟರ್ ಎಂಬ 20 ವರ್ಷದ ಹುಡುಗಿಯನ್ನು ಹುಡುಗರ ಗುಂಪೊಂದು ಬಡಿದು ಕೊಂದಿತು. ಅವಳೂ ಅವಳ ಗೆಳೆಯನೂ 'ಗಾಥ್' ಎಂಬ ಉಪಸಂಸ್ಕೃತಿಯ ಉಡುಪಿನಲ್ಲಿದ್ದರು ಎಂಬುದಲ್ಲದೆ ಬೇರೆ ಕಾರಣವಿರಲಿಲ್ಲ. 2013ರಲ್ಲಿ ಮ್ಯಾಂಚೆಸ್ಟರ್ ಪ್ರದೇಶದ ಪೋಲೀಸರು ಇಂಥ ಹಲ್ಲೆಗಳನ್ನು ದ್ವೇಷಾಪರಾಧಗಳೆಂದು ದಾಖಲಿಸತೊಡಗಿದರು. ಕಳಚಬಹುದಾದ ಉಡುಪು ಎಂದ ಮಾತ್ರಕ್ಕೆ ಸಾವು ಹಗುರವಾಗುವುದಿಲ್ಲ. ಕಳಚು ಎಂದು ಹೇಳುವ ಹಕ್ಕೂ ಯಾರಿಗೂ ಇಲ್ಲ.

ನಮ್ಮ ದೇಶದಲ್ಲಿ ಎರಡೂ ಹೆಣೆದುಕೊಂಡ ಪ್ರಸಂಗವೊಂದು 2014ರ ಜನವರಿಯಲ್ಲಿ ನಡೆಯಿತು. ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ದೆಹಲಿಯ ಲಜಪತ ನಗರದಲ್ಲಿ ದಾರಿ ಕೇಳಲು ಅಂಗಡಿಯೊಂದಕ್ಕೆ ಹೋದಾಗ ಅವನ ಬಣ್ಣ ಹಾಕಿದ ಕೂದಲನ್ನು ಹಾಸ್ಯ ಮಾಡಿದರು. ಜಗಳ ಬೆಳೆದು ಹೊಡೆತ ತಿಂದ ಅವನು ಮರುದಿನ ತೀರಿಕೊಂಡ. ಕೂದಲಿಗೆ ಬಿದ್ದ ಏಟೋ, ಮುಖಕ್ಕೆ ಬಿದ್ದ ಏಟೋ? ದೆಹಲಿಯ ಹುಡುಗನೊಬ್ಬ ಅದೇ ಬಣ್ಣ ಹಾಕಿಕೊಂಡಿದ್ದರೆ ನಗು ನಗುವಿನಲ್ಲಿಯೇ ಮುಗಿಯುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಈಶಾನ್ಯದವರ ಕಷ್ಟಗಳನ್ನು ವಿಚಾರಿಸಲು ಅನಂತರ ಬೆಜ್‌ಬರುವಾ ಸಮಿತಿ ನೇಮಕವಾಯಿತು. ಅದಕ್ಕೆ ಒಂದೂವರೆ ವರ್ಷ ಮೊದಲು, 2012ರ ಆಗಸ್ಟಿನಲ್ಲಿ, ವದಂತಿಗಳಿಗೆ ಹೆದರಿ ಸಾವಿರಾರು ಈಶಾನ್ಯದವರು ಬೆಂಗಳೂರಿನಿಂದ ರೈಲು ಹತ್ತಿದ್ದರು. ಅವರಲ್ಲಿ ಯಾರೂ ಕೂದಲು ಕತ್ತರಿಸಿಕೊಂಡು ಧೈರ್ಯವಾಗಿ ಉಳಿಯುವಂತಿರಲಿಲ್ಲ.

ಆದುದರಿಂದ ಎರಡನ್ನೂ ಹೋಲಿಸುವಾಗ ನೋವಿನ ತಕ್ಕಡಿ ಹಿಡಿಯುವುದು ಸರಿಯಾದ ದಾರಿಯಲ್ಲ. ಒಬ್ಬನ ನೋವು ಇನ್ನೊಬ್ಬನ ನೋವಿಗಿಂತ ಎಷ್ಟು ತೂಕವೆಂದು ಹೇಳಲು ಯಾರಿಗೂ ಬಾರದು. ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಅವಮಾನವಾದ ಮೇಲೆ ಮರಳಿ ಹೋಗಲು ಅವನಿಗೆ ಒಂದು ಮನೆ, ಒಂದು ಪಂಕ್ತಿ ಇದೆಯೇ? ಈ ತಾತ್ಸಾರ ಅವನ ಮಗುವಿಗೂ ಹೋಗುತ್ತದೆಯೇ? ಅದು ಬರಿಯ ಬಾಯಲ್ಲಿದೆಯೇ, ಬರೆದಿಟ್ಟ ಪುಸ್ತಕದಲ್ಲಿಯೂ ಇದೆಯೇ? ವಿಜಯದಾಸರಿಗೆ ಪಂಕ್ತಿ ಇತ್ತು. ಕನಕದಾಸರಿಗೆ ಇರಲಿಲ್ಲ. ದೊಂಗ ದಾಸರಿಯ ಮಗು ಹುಟ್ಟುವ ಮೊದಲೇ ಅದರ ಕುಲ ರಿಜಿಸ್ಟರಿನಲ್ಲಿತ್ತು. ಮೊದಲನೆಯದಕ್ಕೆ ಸಭ್ಯತೆಯೂ ಹಲ್ಲೆಯಾದಾಗ ಪೋಲೀಸರ ರಕ್ಷಣೆಯೂ ಮದ್ದು. ಉಳಿದೆರಡಕ್ಕೆ ಅಷ್ಟು ಸಾಲದು. ಹಕ್ಕು, ಮೀಸಲು, ಶಾಲೆ, ನೆಲ ಬೇಕು. ಎರಡೂ ಒಂದೇ ಎಂದವನು ತಿಳಿಯದೆಯೇ ಎರಡನೆಯವನ ಮದ್ದನ್ನು ಕಸಿಯುತ್ತಾನೆ. ಮೊದಲನೆಯದು ಏನೂ ಅಲ್ಲ ಎಂದವನು ಬೇಕಪ್‌ನ ಹುಡುಗಿಯನ್ನು ಮರೆಯುತ್ತಾನೆ.

ಎರ್ರಗುಡಿಯ ಬಂಡೆಗಳನ್ನು ನೋಡಲು ಹೋದ ಓದುಗರು ಹನ್ನೆರಡನೆಯ ಶಾಸನವನ್ನು ಮೆಚ್ಚಿ ಹಿಂತಿರುಗಬಾರದೆಂದು ನನ್ನ ಬಿನ್ನಹ. ಪಂಥಗಳ ಬಗ್ಗೆ ಅಷ್ಟು ಮೃದುವಾಗಿ ನುಡಿದ ಅರಸನಿಗೂ ಅಡವಿಯ ಜನರೆದುರು ದಂಡದ ನೆನಪಾಯಿತು. ಪರರ ದಾರಿಯನ್ನು ಸಹಿಸುವುದನ್ನು ನಾವು ಹೇಗೋ ಕಲಿತಿದ್ದೇವೆ. ಪರರ ಹುಟ್ಟನ್ನು ಸಮಾನವೆಂದು ಕಾಣುವ ಪಾಠ ಅದಕ್ಕಿಂತ ಕಷ್ಟದ್ದು. ಆ ಸಾಲಿಗೂ ಬಂಡೆಯಲ್ಲಿ ಜಾಗವಿತ್ತು, ಬರೆಸಿದವರಿರಲಿಲ್ಲ.